ಕಂಬದ ಮೇಲಿನ ಅಂಗೈ

ಅಕ್ಕೋರ ಬಲ ಅಂಗೈ ದೋಣಿ ಎಳೆಯುವ ಗಂಡಸರ ಅಂಗೈಯಷ್ಟು ದಪ್ಪ. ಬೆರಳುಗಳ ಬುಡದಲ್ಲಿ ಈ ತುದಿಯಿಂದ ಆ ತುದಿಗೆ ಜಡ್ಡುಗಟ್ಟಿದ ಒಂದು ಗೆರೆ. ನೌಕರಿಯುದ್ದಕ್ಕೂ ಲೇಜಿಮ್ ಹಿಡಿದು ಆದದ್ದು ಅದು. ಲೇಜಿಮ್ ಗೊತ್ತಲ್ಲ, ಮರದ ಹಿಡಿ, ಅದಕ್ಕೆ ಬಿಲ್ಲಿನ ಹೆದೆಯ ಹಾಗೆ ಕಬ್ಬಿಣದ ಸರಪಳಿ, ಸರಪಳಿ ತುಂಬ ಬಿಲ್ಲೆಗಳು; ಎಳೆದು ಬಿಟ್ಟರೆ ಝಲ್ ಎನ್ನಬೇಕು. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ನಮ್ಮ ಕಡೆಯ ಶಾಲೆಗಳಿಗೆ ಬಂದದ್ದು, ಇನ್ನೂ ಅಲ್ಲಲ್ಲಿ ಉಳಿದಿದೆ. ಕುಮಟಾದ ಅವರ ಮನೆಯ ನಡುಮನೆಯಲ್ಲಿ ಒಂದು ಕಾಂಕ್ರೀಟ್ ಕಂಬವಿದೆ. ಅದರ ಮೇಲೆ ಭುಜದೆತ್ತರಕ್ಕೆ ಆ ಅಂಗೈಯ ಅಚ್ಚು ಬಿದ್ದಿದೆ. ತೆಂಗಿನೆಣ್ಣೆ, ದೋಸೆಹಿಟ್ಟು, ಅರಿಶಿನ ಎಲ್ಲ ಸೇರಿ ಮಾಸಲು ಕಂದು ಬಣ್ಣದ ಅಚ್ಚು. ಮಾತಾಡುವಾಗೆಲ್ಲ ಆ ಕೈ ಅಲ್ಲಿಗೇ ಹೋಗಿ ಕೂರುತ್ತಿತ್ತು. ಮಂಡಿನೋವಿಗೆ ಆಧಾರ ಹಿಡಿಯುತ್ತಾರೆ ಎಂದುಕೊಂಡಿದ್ದೆ ನಾನು.

ಅವರು ದೈಹಿಕ ಶಿಕ್ಷಣದ ಟೀಚರು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುವುದು. ತೆಂಗಿನಗುಂಡಿ ಹತ್ತಿರದ ಶಾಲೆಯೊಂದರಲ್ಲಿ ಶುರುಮಾಡಿ, ಹೊನ್ನಾವರದಲ್ಲಿ ಬಹಳ ಕಾಲವಿದ್ದು, ನಿವೃತ್ತಿಯಾಗಿ ಕುಮಟಾದಲ್ಲಿ ಮನೆ ಕಟ್ಟಿ ಕೂತಿದ್ದರು. ಯಜಮಾನರು ತೀರಿಕೊಂಡಿದ್ದರು, ಮಗಳು ಭಟ್ಕಳದಲ್ಲಿ. ಮಾಳಿಗೆಯ ಕೋಣೆ ಖಾಲಿಯಿತ್ತು. ನಾನು ಕಾಸರಕೋಡದವಳು. ಅಪ್ಪ ಬೋಟಿನ ತಾಂಡೇಲ, ಬೋಟು ನಡೆಸುವವನು; ಅಮ್ಮ ಮೀನು ಒಣಗಿಸಿ ಮಾರುವವಳು. ಕುಮಟಾದ ಫ್ಲೆಕ್ಸ್ ಅಂಗಡಿಯಲ್ಲಿ ನನಗೆ ಬ್ಯಾನರು ಡಿಸೈನ್ ಮಾಡುವ ಕೆಲಸ ಸಿಕ್ಕಿತ್ತು. ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ, ಎರಡಕ್ಕೂ ಅದೇ ಕಂಪ್ಯೂಟರು. ಹೊಟ್ಟೆಪಾಡು ಅದು. ಜೀವ ಇದ್ದದ್ದು ಮಾತ್ರ ಹಾಡಿನಲ್ಲಿ. ಮೆಹಂದಿಗಳಿಗೆ, ಕಾಲೇಜಿನ ಗ್ಯಾದರಿಂಗಿಗೆ ಹಾಡು ಹಾಕುತ್ತಿದ್ದೆ. ಊರಿನವರ ಬಾಯಲ್ಲಿ ನಾನು ‘ಡಿಜೆ ಹುಡುಗಿ’. ಹೇಳುವಾಗ ಒಬ್ಬೊಬ್ಬರ ಮೂಗು ಒಂದೊಂದು ಥರ ಸೊಟ್ಟಗಾಗುತ್ತಿತ್ತು, ಇರಲಿ.

ಕೋಣೆ ಹಿಡಿದ ಮೊದಲ ವಾರವೇ ಕೆಳಗಿನಿಂದ ಸೀಟಿ ಕೇಳಿತು. ನಿಜವಾದ ಸೀಟಿ, ಮೈದಾನದಲ್ಲಿ ಊದುವಂಥದ್ದು. ಅಕ್ಕೋರು ಆ ಸೀಟಿಯನ್ನು ಮಾಂಗಲ್ಯದ ಜೊತೆಗೇ ಕೊರಳಲ್ಲಿ ಹಾಕಿಕೊಂಡು ಬಾಳಿದವರು. ಮಾಂಗಲ್ಯ ತೆಗೆದ ಮೇಲೂ ಸೀಟಿ ಉಳಿಯಿತು. ಬೆಕ್ಕಿಗೂ ಅದೇ ಸೀಟಿ, ಮೀನಿನ ಬುಟ್ಟಿಯವಳಿಗೂ ಅದೇ. ಮುಗೀತು, ಗಂಟುಮೂಟೆ ಕಟ್ಟು ಎನ್ನುತ್ತಾರೆ ಎಂದುಕೊಂಡೇ ಮೆಟ್ಟಿಲಿಳಿದೆ.

“ಎಂತದೇ ತಂಗಿ ಅದು ಮೇಲೆ, ಢಬ್ ಢಬ್?”

“ಹಾಡು ಅಕ್ಕೋರೆ. ಸದ್ದು ಕಮ್ಮಿ ಮಾಡ್ತೆ.”

“ಕಮ್ಮಿ ಮಾಡು ಅಂದ್ನ ನಾನು? ನಿನ್ನ ಡ್ರಮ್ಮು ಕುಂಟ್ತದೆ ಮಾರಾಯ್ತಿ! ಒಂದು ಕಾಲು ಬಿದ್ದ ಮೇಲೆ ಇನ್ನೊಂದು ಕಾಲು ಎಳಕಂಡು ಬತ್ತದೆ. ಇಂಥಾ ಡ್ರಮ್ಮಿಗೆ ನನ್ನ ಮಕ್ಕಳನ್ನ ನಡೆಸಿದ್ರೆ ಎಲ್ಲ ಸಾಲಾಗಿ ಗಟಾರಕ್ಕೆ ಬೀಳ್ತಿದ್ವು.”

ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಅವರು ಹೇಳಿದ್ದು ಸರಿಯಿತ್ತು. ತಿಂಗಳುಗಟ್ಟಲೆ ನಾನು ಒದ್ದಾಡುತ್ತಿದ್ದದ್ದು ಅದೇ ಕುಂಟಿನ ಜೊತೆಗೆ. ಆದರೆ ಮನೆ ಉಳಿಯಿತು ಎಂಬ ಸಮಾಧಾನವೇ ಆಗ ದೊಡ್ಡದಾಗಿತ್ತು. ಅವರು ಕಂಬದಿಂದ ಕೈ ತೆಗೆದು, “ಆತು, ಹೋಗು. ವಿಶ್ರಾಮ್!” ಎಂದರು. ಕವಾಯತಿನಲ್ಲಿ ಮಕ್ಕಳು ಕಾಲು ಸಡಿಲಿಸಿ ನಿಲ್ಲಲಿ ಎಂದು ಕೂಗುವ ಆಜ್ಞೆ ಅದು. ನೆಂಟರನ್ನು ಕಳಿಸುವಾಗ, ಡಾಕ್ಟರ ಮುಂದಿಂದ ಎದ್ದು ಬರುವಾಗ, ಎಲ್ಲ ಕಡೆ ಅವರ ಮಾತು ಮುಗಿಯುತ್ತಿದ್ದದ್ದು ಅದರಲ್ಲೇ.

ಕುಂಟಿನ ಕಥೆ ಸ್ವಲ್ಪ ಹೇಳಬೇಕು. ಗೋವಾದಲ್ಲಿ ಮುಚ್ಚಿಹೋದ ಹೋಟೆಲೊಂದರಿಂದ ನಾನು ಹಳೇ ಕಾಲದ ಗ್ರಾಮಫೋನಿನ ಹಾಗೆ ಪ್ಲೇಟು ತಿರುಗಿಸುವ ಎರಡು ಮಷಿನು ತಂದಿದ್ದೆ. ಅವುಗಳ ಮೇಲೆ ಹಾಕುವ ಕಪ್ಪು ಪ್ಲೇಟಿನಲ್ಲಿ ಹಾಡಿರುವುದಿಲ್ಲ. ಒಂದು ಸಣ್ಣ ಕುಂಯ್ ಎಂಬ ಸದ್ದಿರುತ್ತದೆ, ಅಷ್ಟೆ. ಮುಳ್ಳು ಆ ಸದ್ದನ್ನು ಓದಿ, ಪ್ಲೇಟು ಎಷ್ಟು ವೇಗದಲ್ಲಿ, ಮುಂದಕ್ಕೋ ಹಿಂದಕ್ಕೋ ತಿರುಗುತ್ತಿದೆ ಎಂದು ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ಹಾಡು ಲ್ಯಾಪ್‌ಟಾಪಿನಲ್ಲಿ, ಕೈ ಮಾತ್ರ ಪ್ಲೇಟಿನ ಮೇಲೆ. ಹಿಡಿದರೆ ಹಾಡು ನಿಲ್ಲುತ್ತದೆ, ತಳ್ಳಿದರೆ ಓಡುತ್ತದೆ. ಅದೇ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಸಾಫ್ಟ್‌ವೇರ್ ಇತ್ತು, ಹಾಡು ಕಟ್ಟುವಂಥದ್ದು. ಕುಮಟಾ ಕಡೆಯವರು ನುಡಿಸುವ ಮಡಕೆಯ ವಾದ್ಯ ಗುಮಟೆಯ ಪೆಟ್ಟು, ತದಡಿ ಬಂದರಿನ ಬೋಟಿನ ಇಂಜಿನ್ನು, ಅಮ್ಮ ಮೀನು ಕೂಗುವ ದನಿ, ಇವೆಲ್ಲ ತುಂಡು ತುಂಡಾಗಿ ಅದರಲ್ಲಿದ್ದವು. ಜನರ ಮುಂದೆ ನಿಂತು ಈ ತುಂಡುಗಳನ್ನು ಆಗಿಂದಾಗಲೇ ಪೇರಿಸಬೇಕು, ಜೊತೆಗೆ ಪ್ಲೇಟಿನ ಮೇಲೆ ಕೈಯಾಡಿಸಬೇಕು, ಎರಡೂ ಒಂದೇ ಹಾಡಾಗಬೇಕು. ನನ್ನ ಆಸೆ ಇದು.

ಆದರೆ ಎರಡು ಸಾಫ್ಟ್‌ವೇರಿಗೂ ತಮ್ಮ ತಮ್ಮದೇ ಗಡಿಯಾರ. ಒಂದು ಇನ್ನೊಂದರ ಹಿಂದೆ ನಡೆಯಬೇಕು. ಪ್ಲೇಟನ್ನು ನಾನು ಮುಂದೆ ನಡೆಸಿ, ಡ್ರಮ್ಮನ್ನು ಅದರ ಹಿಂದೆ ಬಿಟ್ಟಿದ್ದೆ. ಕೈಯೇ ಯಜಮಾನ ಆಗಬೇಕು ಎಂಬ ಹಟ ನನಗೆ. ಆಗುತ್ತಿದ್ದದ್ದೇನು? ಪ್ಲೇಟಿಗೆ ಬೆರಳು ತಾಗಿಸಿದರೆ ಸಾಕು, ಹಿಂದಿದ್ದ ಡ್ರಮ್ಮು ಎಡವಿ, ಸಾವರಿಸಿಕೊಂಡು, ಮತ್ತೆ ಎಡವುತ್ತಿತ್ತು. ಮೆಹಂದಿಯಲ್ಲಿ ಕುಣಿಯುವ ಹುಡುಗಿಯರಿಗೆ ಅದು ತಿಳಿಯುತ್ತಿರಲಿಲ್ಲ. ಕೆಳಗಿನ ಮನೆಯಲ್ಲಿ ತಿಳಿಯುತ್ತಿತ್ತು.

ಆಮೇಲೆ ಅದೊಂದು ದಿನಚರಿಯೇ ಆಯಿತು. ಸಂಜೆ ಅಂಗಡಿಯಿಂದ ಬಂದು ನಾನು ಮಷಿನ್ನಿಗೆ ಕೈ ಹಾಕುವುದು, ಕೆಳಗಿನಿಂದ ಸೀಟಿ. ಒಂದು ಸೀಟಿಯೆಂದರೆ ಕುಂಟುತ್ತಿದೆ, ಉದ್ದನೆಯ ಸೀಟಿಯೆಂದರೆ ಬಿದ್ದೇ ಹೋಯಿತು. ಸೀಟಿ ಇಲ್ಲದ ದಿನ ನನಗೆ ಅನ್ನ ರುಚಿಸುತ್ತಿತ್ತು. ಅವರು ಹೇಳಿದ್ದೆಲ್ಲ ಸರಿ ಅಂತ ತಿಳಿಯಬೇಡಿ. ಲ್ಯಾಪ್‌ಟಾಪಿಗೆ ಥಂಡಿ ಹಿಡಿಯುತ್ತದೆ ಎಂದು ಮಳೆಗಾಲದಲ್ಲಿ ಟರ್ಕಿ ಟವಲು ಹೊದೆಸಿ, ಅದು ಬಿಸಿಯಾಗಿ ಆರಿಹೋಗುವ ಹಾಗೆ ಮಾಡಿದ ಪುಣ್ಯಾತ್ಗಿತ್ತಿ ಅವರೇ. ಗುಮಟೆಯ ಪೆಟ್ಟಿನ ಜೊತೆ ಇಂಜಿನ್ನಿನ ಸದ್ದು ಸೇರಿಸಿದ್ದು ಶುದ್ಧ ಹುಚ್ಚು ಎಂದು ಇಂದಿಗೂ ವಾದಿಸುತ್ತಾರೆ. ಕುಂಟಿನ ವಿಷಯದಲ್ಲಿ ಮಾತ್ರ ಅವರೊಡನೆ ವಾದ ನಡೆಯುತ್ತಿರಲಿಲ್ಲ.

ಒಂದು ದಿನ ಮೆಟ್ಟಿಲು ಹತ್ತಿ ಮೇಲೆಯೇ ಬಂದರು. ಪ್ಲೇಟು ನೋಡಿ, “ಇದ್ರಲ್ಲಿ ಯಾವ ಹಾಡು?” ಎಂದರು. ಹಾಡಿಲ್ಲ ಎಂದೆ. ಮುಳ್ಳನ್ನು ಇಟ್ಟು, ಪ್ಲೇಟಿನ ಸದ್ದನ್ನು ನೇರ ಸಣ್ಣ ಸ್ಪೀಕರಿಗೆ ಬಿಟ್ಟೆ. ಕುಂಯ್ ಎಂದಿತು. ಅವರು ಕುತ್ತಿಗೆ ಓರೆ ಮಾಡಿ ಸ್ವಲ್ಪ ಹೊತ್ತು ನಿಂತು, “ಎಂತದೂ ಇಲ್ಲ ಇದ್ರಲ್ಲಿ. ಗೀರಿನೊಳಗೆಲ್ಲ ಕೊಳೆ ಕೂತದೆ” ಎಂದು ಹೇಳಿ ಇಳಿದು ಹೋದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ.

ಆ ವರ್ಷದ ಬೇಸಿಗೆಯಲ್ಲಿ ಅವರ ಮನೆಗೆ ಐಸ್ ಪ್ಲಾಂಟಿನ ಸಾವ್ಕಾರರು ಬಂದರು. ಬಂದರಿನಲ್ಲಿ ಮೀನಿಗೆ ಮಂಜುಗಡ್ಡೆ ಮಾಡುವ ಪ್ಲಾಂಟು ಅವರದ್ದು. ತಲೆ ನೆರೆತ, ಹೊಟ್ಟೆ ಬಂದ ಆ ಮನುಷ್ಯ ಅಕ್ಕೋರ ಎದುರು ಕುರ್ಚಿಯಲ್ಲಿ ಕೂರಲಿಕ್ಕೂ ಹೆದರಿ ನಿಂತೇ ಇದ್ದರು. ಹೊನ್ನಾವರದ ಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಮೈದಾನದಲ್ಲಿ ಒಂದು ಕಾರ್ಯಕ್ರಮ ಮಾಡುತ್ತಾರಂತೆ. ಅಂದಿನ ಲೇಜಿಮ್ ತಂಡದವರು ಮತ್ತೆ ಲೇಜಿಮ್ ಆಡುತ್ತಾರಂತೆ.

“ನೀವೇ ಮುಂದೆ ನಿಂತು ಆಡಸ್ಬೇಕು ಅಕ್ಕೋರೆ. ನೀವಿಲ್ದೆ ನಮ್ಮ ಕೈ ಏಳೂದಿಲ್ಲ. ಡ್ರಮ್ಮು ಬಾರಸ್ತಿದ್ದವ ಈಗ ಇಲ್ಲ, ಅದಕ್ಕೆ ಡಿಜೆ ಹೇಳ್ವ ಅಂತ ಮಾಡಿದ್ದು.”

“ಡಿಜೆಗೆ ಊರೆಲ್ಲ ತಿರುಗೂದು ಎಂತಕ್ಕೆ? ಮೇಲೆ ಒಂದು ಕೂತದೆ. ಡ್ರಮ್ಮು ಸ್ವಲ್ಪ ಕುಂಟ್ತದೆ, ಅಷ್ಟರೊಳಗೆ ಸರಿ ಮಾಡ್ತೆ ನಾನು.”

ನನ್ನನ್ನು ಕೇಳಲೂ ಇಲ್ಲ. ಸಾವ್ಕಾರರು ಹೋದ ಮೇಲೆ ಅವರು ಅಟ್ಟದಿಂದ ತಮ್ಮ ಹಳೆಯ ಲೇಜಿಮ್ ಇಳಿಸಿ, ಸೆರಗಿನಿಂದ ಒರೆಸಿ, ತೊಡೆಯ ಮೇಲಿಟ್ಟುಕೊಂಡು ಕೂತರು. ಎಷ್ಟೋ ಹೊತ್ತು ಹಾಗೇ ಕೂತಿದ್ದರು. ಅಲ್ಲಾಡಿಸಲಿಲ್ಲ ಎಂಬುದು ನನಗೆ ಆಮೇಲೆ ನೆನಪಾಯಿತು.

ಕಾರ್ಯಕ್ರಮ ಹತ್ತಿರ ಬಂತು. ಒಂದು ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದವಳು ಗಾಳಿಗೆಂದು ತಾರಸಿಗೆ ಹೋದೆ. ಹಲಸಿನ ಹಪ್ಪಳ ಒಣಗುವ ಕಾಲ. ಬಿಳಿ ಪಂಚೆಯ ಮೇಲೆ ಸಾಲು ಸಾಲು ಹಪ್ಪಳ. ಸಾಲಿನ ಕೊನೆಯಲ್ಲಿ, ಕಪ್ಪಗೆ, ಹೊಳೆಯುತ್ತ, ನನ್ನ ಪ್ಲೇಟು! ಅಂಟುವಾಳದ ನೊರೆಯಲ್ಲಿ ತೊಳೆದು, ಕಾಗೆ ಎತ್ತದ ಹಾಗೆ ನಡುವೆ ಕಲ್ಲಿಟ್ಟು ಒಣಗಿಸಿದ್ದಾರೆ. ಅಂಚೆಲ್ಲ ಹಪ್ಪಳದ ಅಂಚಿನ ಹಾಗೇ ಮೇಲೆ ಕೆಳಗೆ ಸೊಟ್ಟಗಾಗಿದೆ.

ನನ್ನ ಸಿಟ್ಟು ಅಪ್ಪನ ಕಡೆಯದು. ಒಮ್ಮೆಗೇ ಏರುತ್ತದೆ. ಪ್ಲೇಟು ಹಿಡಿದುಕೊಂಡು ಮೆಟ್ಟಿಲನ್ನು ಹಾರಿ ಹಾರಿ ಇಳಿದೆ.

“ಯಾರು ಹೇಳಿದ್ರು ನಿಮ್ಗೆ ಇದನ್ನ ತೊಳೀಲಿಕ್ಕೆ?”

“ನಾನೇ ತೊಳ್ದದ್ದು” ಎಂದರು, ಎದೆ ಸೆಟೆಸಿ. “ಕಾರ್ಯಕ್ರಮಕ್ಕೆ ಚೊಕ್ಕ ಇರ್ಲಿ ಅಂತ. ಸದ್ದೇ ಬತ್ತಿರ್ಲಿಲ್ಲ ಅಲ್ದ ಅದ್ರಲ್ಲಿ? ಕೊಳೆ ತುಂಬಿ ಕಟ್ಟಿಹೋಗಿತ್ತು.”

“ಬತ್ತಿತ್ತು ಅಕ್ಕೋರೆ! ಕುಂಯ್ ಅಂತ ಬತ್ತಿತ್ತು! ಕೇಳಿಲ್ವ ನೀವು?”

ಬಾಯಿ ಮಾತು ಬೇಡ ಎಂದು ಮೇಲೆ ಓಡಿ ಇನ್ನೊಂದು, ಒಳ್ಳೆಯ ಪ್ಲೇಟು ಹಾಕಿ, ಸ್ಪೀಕರನ್ನು ಮೆಟ್ಟಿಲಿನವರೆಗೆ ಎಳೆದು ತಂದು ತೋರಿಸಿದೆ. ಕುಂಯ್ ಎನ್ನುವುದು ಇಡೀ ಮನೆಗೆ ಕೇಳುತ್ತಿತ್ತು. ಬೆಕ್ಕು ಕಿವಿ ನಿಮಿರಿಸಿ ಎದ್ದು ಹೋಯಿತು. ಅಕ್ಕೋರು ನನ್ನ ಮುಖ ನೋಡಿದರು, ಸ್ಪೀಕರು ನೋಡಿದರು. “ಈಗ ಬತ್ತಾ ಅದ್ಯ?” ಎಂದು ಕೇಳಿದರು, ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನನ್ನ ಸಿಟ್ಟು ಎಲ್ಲಿ ಹೋಯಿತೋ! ಅವರು ಒಳಗೆ ಹೋಗಿ ಲೇಜಿಮ್ ತಂದು, ಕಿವಿಯ ಪಕ್ಕದಲ್ಲೇ ಎಳೆದು ಬಿಟ್ಟರು. ಝಲ್ ಎಂದಿತು. ಮತ್ತೆ ಎಳೆದರು, ಜೋರಾಗಿ. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕಂಬದ ಬುಡದಲ್ಲಿ ಕೂತುಬಿಟ್ಟರು.

“ಇದೂ ಕೇಳೂದಿಲ್ಲ ತಂಗಿ. ಮೊದ್ಲು ಹಕ್ಕಿ ಹೋತು, ಆಮೇಲೆ ಕುಕ್ಕರಿಂದು ಹೋತು, ಕಡೆಗೆ ಇದು. ಸಣ್ಣ ಸದ್ದೆಲ್ಲ ಹೋತು. ದಪ್ಪದ್ದು ಮಾತ್ರ ಉಳಕಂಡದೆ. ಜನ ಮಾತಾಡೂದು ಬಾಯಿ ನೋಡಿ ತಿಳ್ಕಣೂದು. ನಿನ್ನ ಡ್ರಮ್ಮು ಕಿವಿಗಿಂತ ಮೊದ್ಲು ಕೈಗೆ ಬತ್ತದೆ.” ಹಾಗೆ ಹೇಳಿ ಕಂಬದ ಮೇಲಿನ ಅಚ್ಚು ತೋರಿಸಿದರು.

ಮಂಡಿನೋವಲ್ಲ! ಇಷ್ಟು ದಿನ ನನ್ನ ಹಾಡನ್ನು ಕಂಬದಿಂದ ಅಂಗೈಯಲ್ಲಿ ಕೇಳುತ್ತಿದ್ದರು ಆ ಹೆಂಗಸು.

“ಮಗಳಿಗೆ ಹೇಳ್ಬೇಡ. ಅದು ಈಗ್ಲೇ ಭಟ್ಕಳಕ್ಕೆ ಬಾ ಬಾ ಅಂತದೆ. ಕಿವಿ ಹೋಗ್ಯದೆ ಅಂತ ಗೊತ್ತಾದ್ರೆ ಸಾವ್ಕಾರ್ರಿಗೆ ಫೋನ್ ಮಾಡಿ, ಅಮ್ಮನ್ನ ನಿಲ್ಲಸ್ಬೇಡಿ ಅಂತದೆ. ಒಂದ್ಸಲ ತಂಗಿ. ಒಂದೇ ಒಂದ್ಸಲ ಅವ್ರನ್ನೆಲ್ಲ ಒಟ್ಟಿಗೆ ಆಡಸ್ಬೇಕು ನಂಗೆ. ಕೇಳದಿದ್ರೂ ಅಡ್ಡಿಲ್ಲ, ಕಣ್ಣಲ್ಲಿ ನೋಡ್ತೆ. ನಡುವೆ ತಾಳ ತಪ್ಪಿ ಆ ಮಕ್ಕಳ ಎದುರು ನಾನು ಪೆಚ್ಚಾಗೂದು ಬೇಡ.”

‘ಆ ಮಕ್ಕಳು’ ಎಂದರೆ ಐವತ್ತು ದಾಟಿದವರು. ನಾನು ಆತು ಎಂದೆ. ಇನ್ನೇನು ಹೇಳಲಿ? ಇನ್ನು ಮೇಲೆ ನನ್ನ ಡ್ರಮ್ಮು ಕುಂಟಿದರೆ ನನ್ನ ಮಾನ ಹೋಗುವುದು ಆಮೇಲಿನ ಮಾತು, ಅಕ್ಕೋರ ಮಾನ ಮೊದಲು ಹೋಗುತ್ತಿತ್ತು.

ಹೊಸ ಪ್ಲೇಟು ಮುಂಬೈಯಿಂದ ಬರಬೇಕು, ಅಷ್ಟರೊಳಗೆ ಬರುವುದಿಲ್ಲ ಎಂದರು ಕೊರಿಯರಿನವರು. ಹಪ್ಪಳದ ಪ್ಲೇಟನ್ನೇ ಹಾಕಿ ನೋಡಿದೆ. ಮುಳ್ಳು ದೋಣಿಯ ಹಾಗೆ ಏರಿ ಇಳಿಯಿತು. ಹಿಂದಿನಿಂದ ಬರುವ ಡ್ರಮ್ಮಂತೂ ಒಂದೊಂದು ಸುತ್ತಿಗೂ ಮುಗ್ಗರಿಸಿತು. ಕೆಳಗಿನಿಂದ ಉದ್ದನೆಯ ಸೀಟಿ. ತಲೆ ಕೆಟ್ಟು ಕೈ ಚೆಲ್ಲಿ ಕೂತೆ. ಅಕ್ಕೋರು ಮೇಲೆ ಹತ್ತಿ ಬಂದು ಏದುಸಿರು ಬಿಡುತ್ತ ಮಂಚದ ಮೇಲೆ ಕೂತರು.

“ಡ್ರಮ್ಮು ಯಾರ ಹಿಂದೆ ನಡೀತದೆ ಈಗ?”

“ಪ್ಲೇಟಿನ ಹಿಂದೆ.”

“ಡ್ರಮ್ಮು ಹಿಂದ್ಯ?” ಅವರ ಹುಬ್ಬು ಹಣೆಗೇರಿತು. “ಎಂತಾ ಮರುಳೇ ನೀನು! ಲೇಜಿಮ್ಮಿನಲ್ಲಿ ಡ್ರಮ್ಮು ಯಾರಿಗೂ ಕಾಯೂದಿಲ್ಲ. ಅದು ಅದ್ರ ಪಾಡಿಗೆ ಹೋಗ್ತಾ ಇರೂದು. ತಪ್ಪಿದವ ಓಡಿ ಬಂದು ಸೇರ್ಕಳೂದು. ಡ್ರಮ್ಮು ಬಾರ್ಸವ ತಪ್ಪಿದವನ ಮುಖ ನೋಡ್ದ ಅಂದ್ರೆ ಇಡೀ ಸಾಲು ಹಾಳು.”

ಅದು ಲೇಜಿಮ್ಮಿನ ಮಾತು. ಸಾಫ್ಟ್‌ವೇರಿನ ಗಂಧಗಾಳಿ ಅವರಿಗಿರಲಿಲ್ಲ. ಆದರೂ ನಾನು ಹಟ ಬಿಟ್ಟು ತಿರುವುಮುರುವು ಮಾಡಿದೆ. ಹಾಡು ಕಟ್ಟುವ ಸಾಫ್ಟ್‌ವೇರೇ ಮುಂದೆ ನಡೆಯಲಿ, ಡ್ರಮ್ಮು ಅದರದ್ದು, ಅದರ ಪಾಡಿಗೆ ಹೋಗಲಿ. ಉಳಿದಿರುವ ಒಂದೇ ಒಳ್ಳೆಯ ಪ್ಲೇಟು ಅದರ ಜೊತೆ ಸೇರಿಕೊಳ್ಳಲಿ, ತಪ್ಪಿದರೆ ನನ್ನ ಕೈ ಓಡಿ ಹೋಗಿ ಹಿಡಿಯಲಿ. ಮಾಡಿ ನೋಡಿದರೆ, ಅಯ್ಯೋ, ಇಷ್ಟೇನಾ? ಡ್ರಮ್ಮು ಬೆನ್ನು ನೆಟ್ಟಗೆ ಮಾಡಿ ನಡೆಯಿತು. ಅದರ ಮೇಲೆ ಗುಮಟೆ ಬಂತು, ಅಮ್ಮನ ಕೂಗು ಬಂತು, ಪ್ಲೇಟಿನ ಮೇಲಿನ ನನ್ನ ಬೆರಳು ಅವೆಲ್ಲದರ ನಡುವೆ ಹಗುರಾಗಿ ಓಡಾಡಿತು. ಅಕ್ಕೋರು ಕೆಳಗಿಳಿದು ಹೋಗಿ ಕಂಬಕ್ಕೆ ಕೈಯಿಟ್ಟಿರಬೇಕು. ಸೀಟಿಗಾಗಿ ಕಾದೆ. ಬರಲಿಲ್ಲ. ಮತ್ತೂ ಕಾದೆ, ಬರಲೇ ಇಲ್ಲ. ನಾನು ನೆಲದ ಮೇಲೆ ಅಂಗಾತ ಮಲಗಿ ಸುಮ್ಮನೆ ನಕ್ಕೆ.

ಮೈದಾನದ ವ್ಯವಸ್ಥೆಯನ್ನು ನಾನೇ ಯೋಚಿಸಿದ್ದೆ. ಅಕ್ಕೋರು ನಿಲ್ಲುವುದು ಹಲಗೆಯ ವೇದಿಕೆಯ ಮೇಲೆ, ಬರಿಗಾಲಲ್ಲಿ. ಬಾಸ್ ಬಾಕ್ಸ್, ಎಂದರೆ ಡ್ರಮ್ಮಿನ ದಪ್ಪ ಸದ್ದು ಹೊರಡಿಸುವ ಆಳೆತ್ತರದ ಪೆಟ್ಟಿಗೆ, ವೇದಿಕೆಗೆ ಅಂಟಿಕೊಂಡೇ ಇರಬೇಕು. ಹಲಗೆ ನಡುಗುತ್ತದೆ, ಪಾದಕ್ಕೆ ತಾಳ ಸಿಗುತ್ತದೆ. ಸೌಂಡಿನವರಿಗೆ ಹಾಗೆಯೇ ಹೇಳಿ, ಬೆಳಿಗ್ಗೆ ಹೋಗಿ ಇಬ್ಬರೂ ಪರೀಕ್ಷೆ ಮಾಡಿ ಬಂದೆವು. “ಪಾದಕ್ಕೆ ಕಚಗುಳಿ ಆಗ್ತದೆ” ಎಂದು ಅಕ್ಕೋರು ಚಿಕ್ಕ ಹುಡುಗಿಯ ಹಾಗೆ ನಕ್ಕಿದ್ದರು.

ಸಂಜೆ ಕಾರ್ಯಕ್ರಮಕ್ಕೆ ಹೋದಾಗ ಮೈದಾನ ತುಂಬಿತ್ತು. ಬಿಳಿ ಅಂಗಿ, ಬಿಳಿ ಸೀರೆ ತೊಟ್ಟ ಹಳೆಯ ಮಕ್ಕಳು ಲೇಜಿಮ್ ಹಿಡಿದು ಸಾಲು ನಿಂತಿದ್ದರು. ವೇದಿಕೆ ಒಂದು ಮೂಲೆಯಲ್ಲಿ, ನನ್ನ ಮೇಜು ಅದರ ಹತ್ತಿರವೇ ಕೆಳಗೆ. ಬಾಸ್ ಬಾಕ್ಸ್ ಎಲ್ಲಿ? ನೋಡಿದರೆ, ಅಕ್ಕೋರ ಕಿವಿಗೆ ಹಿಂಸೆಯಾಗಬಾರದು ಎಂದು ಸಾವ್ಕಾರರು ಅದನ್ನು ವೇದಿಕೆಯಿಂದ ಸರಿಸಿ ನನ್ನ ಮೇಜಿನ ಆಚೆಗೆ ಇಡಿಸಿದ್ದಾರೆ. ಅಷ್ಟೇ ಅಲ್ಲ. ಅಕ್ಕೋರ ಪಾದ ಬರೀ ಹಲಗೆಯ ಮೇಲೆ ಇರುವುದೆಂದರೇನು ಎಂದು ಮರ್ಯಾದೆಗೆ ವೇದಿಕೆಯ ಮೇಲೆ ಜಮಖಾನ, ಜಮಖಾನದ ಮೇಲೆ ದಪ್ಪ ಕೆಂಪು ಕಾರ್ಪೆಟ್ಟು ಹಾಸಿದ್ದಾರೆ! ಭಕ್ತಿ ಹೆಚ್ಚಾದರೆ ನಮ್ಮವರು ಹೀಗೇ ಮಾಡುವುದು. ಹೇಳಿ ಬದಲಾಯಿಸೋಣ ಎಂದರೆ ಅಕ್ಕೋರನ್ನು ಆಗಲೇ ಹಾರ ಹಾಕಿ, ಶಾಲು ಹೊದೆಸಿ, ಮೇಲೆ ಹತ್ತಿಸಿಬಿಟ್ಟಿದ್ದರು. ಮೈಕಿನಲ್ಲಿ ಸಾವ್ಕಾರರು, “ಇನ್ನು ಲೇಜಿಮ್” ಎಂದೂ ಆಯಿತು. ಮೊದಲ ಸಾಲಿನಲ್ಲಿ ಭಟ್ಕಳದ ಮಗಳು ಮೊಬೈಲು ಎತ್ತಿ ಹಿಡಿದು ಕೂತಿದ್ದಳು.

ಡ್ರಮ್ಮು ಬಿಟ್ಟೆ. ಬಿಡಲೇಬೇಕಾಗಿತ್ತು. ನೆಟ್ಟಗೆ, ಕುಂಟಿಲ್ಲದೆ ಮೈದಾನದ ಮೇಲೆ ನಡೆಯಿತು. ಅಕ್ಕೋರು ಲೇಜಿಮ್ ಎತ್ತಿ ಹಿಡಿದರು. ಸಾಲಿನವರೂ ಎತ್ತಿದರು. ಅವರು ಸೀಟಿ ಊದಿದಾಗ ಆಟ ಶುರು. ಸೀಟಿ ಅವರ ತುಟಿಯಲ್ಲೇ ಇತ್ತು, ಊದಲಿಲ್ಲ. ತೆರೆದ ಮೈದಾನ, ಸಮುದ್ರದ ಕಡೆಯ ಗಾಳಿ, ಕಾಲಡಿ ಮೆತ್ತನೆಯ ಕಾರ್ಪೆಟ್ಟು. ತಾಳ ಅವರಿಗೆ ಸಿಗುತ್ತಿಲ್ಲ. ಕಾಲ್ಬೆರಳುಗಳು ಕಾರ್ಪೆಟ್ಟನ್ನು ಕೆರೆಯುವುದು ನನಗೆ ಕಾಣುತ್ತಿತ್ತು. ಸಾಲಿನಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಮಗಳು ಮೊಬೈಲು ಇಳಿಸಿದಳು.

ಆಗ ನನ್ನ ಕೈ ನೋಡಿಕೊಂಡೆ. ಖಾಲಿ! ಮೊದಲಿನ ಹಾಗೆ ಪ್ಲೇಟು ಮುಂದೆ, ಡ್ರಮ್ಮು ಹಿಂದೆ ಇದ್ದಿದ್ದರೆ ಮೇಜು ಬಿಡುವ ಹಾಗಿರಲಿಲ್ಲ. ಎಡವಿದ ಡ್ರಮ್ಮನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುತ್ತಿರಬೇಕಿತ್ತು. ಈಗ ಡ್ರಮ್ಮು ಅದರ ಪಾಡಿಗೆ ಹೋಗುತ್ತಿದೆ, ಯಾರಿಗೂ ಕಾಯದೆ. ಮೇಜು ಬಿಟ್ಟು ಓಡಿದೆ. ವೇದಿಕೆಗೆ ಹತ್ತಿ, ಅಕ್ಕೋರ ತೋಳು ಹಿಡಿದು ಕೆಳಗಿಳಿಸಿದೆ. ನನ್ನ ಮೇಜಿನ ಆಚೆ ಕರೆದುಕೊಂಡು ಹೋಗಿ, ಆ ಜಡ್ಡುಗಟ್ಟಿದ ಬಲ ಅಂಗೈಯನ್ನು ಬಾಸ್ ಬಾಕ್ಸಿನ ಮೇಲೆ ಇಟ್ಟೆ.

ಅವರ ಮುಖದಲ್ಲಿ ದೀಪ ಹತ್ತಿತು ಎಂದರೆ ಸುಳ್ಳಲ್ಲ. ತುಟಿ ಅಲ್ಲಾಡಿತು, ಲೆಕ್ಕ ಹಿಡಿಯುತ್ತಿದ್ದರು. ಎಡಗೈಗೆ ಲೇಜಿಮ್ ಬದಲಾಯಿತು, ಮೇಲಕ್ಕೆ ಹೋಯಿತು. ಸೀಟಿ! ಮೈದಾನದ ಲೇಜಿಮ್ಮುಗಳೆಲ್ಲ ಒಂದೇ ಏಟಿಗೆ ಝಲ್ ಎಂದು ಬಿದ್ದವು. ಮತ್ತೆ ಝಲ್. ಒಂದೂ ಹಿಂದೆ ಬೀಳಲಿಲ್ಲ. ನಾನು ಮೇಜಿಗೆ ಓಡಿಬಂದು ಗುಮಟೆ ಸೇರಿಸಿದೆ, ಬೋಟಿನ ಇಂಜಿನ್ನು ಸೇರಿಸಿದೆ, ಪ್ಲೇಟಿಗೆ ಕೈಯಿಟ್ಟೆ. ಕಣ್ಣಲ್ಲಿ ನೀರು ಇಳಿದು ಲ್ಯಾಪ್‌ಟಾಪು ಮಂಜು ಮಂಜಾಗಿ ಕಾಣುತ್ತಿತ್ತು. ಅಬ್ಬಾ, ಆ ನೆಮ್ಮದಿ! ಈಗ ನೆನೆದರೂ ಎದೆ ಹಗುರಾಗುತ್ತದೆ.

ಮುಗಿದ ಮೇಲೆ ಸಾವ್ಕಾರರು ಮೈಕಿನಲ್ಲಿ ಗದ್ಗದರಾದರು. “ನೋಡಿದ್ರಲ್ಲ ನಮ್ಮ ಅಕ್ಕೋರ ದೊಡ್ಡಗುಣ! ಮೇಲೆ ನಿಲ್ಲೂದು ಬೇಡ ಅಂತ ನಮ್ಮ ಜೊತೆ ನೆಲಕ್ಕೆ ಇಳಿದು ಬಂದ್ರು!” ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕೋರು ಅವರ ಬಾಯಿ ನೋಡಿ ಅರ್ಥ ಮಾಡಿಕೊಂಡು, ನನ್ನ ಕಡೆ ತಿರುಗಿ ಒಂದು ಕಣ್ಣು ಮುಚ್ಚಿದರು.

ಆಟೋದಲ್ಲಿ ಬರುವಾಗ ಮಗಳ ಕೈ ಹಿಡಿದು ತಾವೇ ಹೇಳಿದರು, “ನಂಗೆ ಕಿವಿ ಕೇಳೂದಿಲ್ಲ. ಮಷಿನ್ ಹಾಕ್ಸು.” ಮಗಳು ಬೈದಳು, ಅತ್ತಳು, ಮತ್ತೆ ಬೈದಳು. ಅಕ್ಕೋರು ಬೈಗುಳ ಕೇಳದವರ ಹಾಗೆ ಹೊರಗಿನ ಕತ್ತಲ ಕಡೆ ನೋಡುತ್ತ ಕೂತರು. ಆ ಸಲ ಅದು ನಟನೆ ಎಂದು ನನಗೆ ಗೊತ್ತಿತ್ತು.

ಭಟ್ಕಳದಲ್ಲಿ ಮಷಿನ್ ಹಾಕಿಸಿಕೊಂಡು ಬಂದವರು ಚಪ್ಪಲಿ ಬಿಟ್ಟದ್ದೇ ಲೇಜಿಮ್ ಎತ್ತಿಕೊಂಡರು. ಎಳೆದು ಬಿಟ್ಟು, ಕಣ್ಣು ಮುಚ್ಚಿ ನಿಂತರು. “ಅದೆ ತಂಗಿ, ಅದೆ. ಇನ್ನೂ ಅಲ್ಲೇ ಅದೆ” ಎಂದರು. ಆಮೇಲೆ ನಾನು ಮೇಲೆ ಹೋಗಿ ಹಾಡು ಹಾಕಿದೆ. ಸೀಟಿ ಬಂತು. ಇಳಿದು ಬಂದರೆ, “ಇಷ್ಟೆಲ್ಲ ಕಿರಿಕಿರಿ ಇತ್ತ ಮಾರಾಯ್ತಿ ನಿನ್ನ ಹಾಡಿನಲ್ಲಿ? ಮೊದ್ಲೇ ಚಲೋ ಇತ್ತು!” ಎಂದು ಮಷಿನ್ ಕಿತ್ತು ಸೆರಗಿಗೆ ಕಟ್ಟಿಕೊಂಡರು.

ಈಗ ಅವರು ಭಟ್ಕಳದಲ್ಲೇ ಇದ್ದಾರೆ. ಮಂಡಿ ಈ ಸಲ ನಿಜವಾಗಿ ಕೈಕೊಟ್ಟಿತು, ತಾವೇ ಒಪ್ಪಿ ಹೋದರು. ಕೆಳಗಿನ ಮನೆಯ ಕೀಲಿ ನನ್ನ ಹತ್ತಿರ. ಫ್ಲೆಕ್ಸ್ ಅಂಗಡಿಯ ಕೆಲಸ ಬಿಟ್ಟಿದ್ದೇನೆ. ಹಾಡಿನಿಂದಲೇ ಊಟ ನಡೆಯುತ್ತಿದೆ, ಅಪ್ಪನ ಬೋಟಿನವರೂ ಈಗ ನನ್ನ ಹೆಸರು ಹೇಳುವಾಗ ಮೂಗು ನೆಟ್ಟಗಿಟ್ಟುಕೊಳ್ಳುತ್ತಾರೆ. ಎರಡನೆಯ ಪ್ಲೇಟು ತಂದೆ, ಹಾಕುವುದು ಕಡಿಮೆ. ಎಲ್ಲಿ ಹೋದರೂ ಡ್ರಮ್ಮು ಮುಂದೆ, ನನ್ನ ಕೈ ಹಿಂದೆ. ಅದು ಅಕ್ಕೋರು ಕೊಟ್ಟದ್ದು, ಅದರ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ. ಹೊಸ ಹಾಡು ಕಟ್ಟಿದಾಗೆಲ್ಲ ಫೋನು ಮಾಡಿ ಕೇಳಿಸುತ್ತೇನೆ.

ಮೊನ್ನೆಯೂ ಮಾಡಿದೆ. ಮಗಳ ಕಾಟಕ್ಕೆ ಈಗ ಮಷಿನ್ ಅವರ ಕಿವಿಯಲ್ಲೇ ಇರುತ್ತದೆ; ಸ್ವಲ್ಪ ಹೊತ್ತು ಕೇಳಿ ಸಿಡುಕಿದರು.

“ಬರೀ ಚಿಲಿಪಿಲಿ ಕೇಳ್ತದೆ. ಡ್ರಮ್ಮೆಲ್ಲಿ?”

“ಫೋನಿನಲ್ಲಿ ದಪ್ಪ ಸದ್ದು ಬರೂದಿಲ್ಲ ಅಕ್ಕೋರೆ.”

“ಹಂಗಾರೆ ಕುಂಟ್ತದ ಇಲ್ವ ಅಂತ ಗೊತ್ತಾಗೂದು ಹ್ಯಾಂಗೆ? ಇಳೀ ಕೆಳಗೆ. ಹಾಡು ಹೋಗ್ತಾ ಇರ್ಲಿ, ನೀನು ಇಳಿ. ಕಂಬಕ್ಕೆ ಕೈಯಿಡು.”

ಹಾಡನ್ನು ಅದರ ಪಾಡಿಗೆ ಬಿಟ್ಟು, ಫೋನು ಹಿಡಿದುಕೊಂಡು ಇಳಿದೆ. ನಡುಮನೆಯ ಕಿಟಕಿ ತೆರೆದು ಕಂಬದ ಮುಂದೆ ನಿಂತೆ. ಅವರ ಅಚ್ಚಿನ ಮೇಲೆ ಅಂಗೈ ಇಟ್ಟರೆ ನನ್ನ ಕೈ ಅದರೊಳಗೆ ಸಣ್ಣದಾಗಿ ಕೂತಿತು. ಮೇಲಿನಿಂದ ತಾಳ ಇಳಿದು ಬರುತ್ತಿತ್ತು, ಒಂದೊಂದೇ ಹೆಜ್ಜೆ, ನೆಟ್ಟಗೆ.

“ಎಂತ ಆತೇ?”

“ಕುಂಟೂದಿಲ್ಲ ಅಕ್ಕೋರೆ.”

“ನೋಡಿ ಹೇಳು ಸರಿಯಾಗಿ.”

“ಕುಂಟೂದೇ ಇಲ್ಲ.”

ಆ ಕಡೆ ಅವರು ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು.

“ಆತು ಹಂಗಾರೆ” ಎಂದರು. “ವಿಶ್ರಾಮ್!”